ನಕ್ಷತ್ರಗಳು ಏಕಿಷ್ಟು ನಿಧಾನವಾಗಿ ಹುಟ್ಟುತ್ತವೆ?

ನಮ್ಮ ಆಕಾಶಗಂಗೆಯಲ್ಲಿ ವರ್ಷವೊಂದಕ್ಕೆ ಹುಟ್ಟುವ ನಕ್ಷತ್ರಗಳನ್ನೆಲ್ಲ ತಕ್ಕಡಿಗೆ ಹಾಕಿದರೆ ಹೆಚ್ಚೆಂದರೆ ಎರಡು ಸೂರ್ಯರ ತೂಕ ಬಂದೀತು. ಹಾಗೆಂದು ಕಚ್ಚಾ ಸಾಮಗ್ರಿಗೆ ಕೊರತೆಯಿಲ್ಲ. ನಕ್ಷತ್ರಗಳ ನಡುವಿನ ತಣ್ಣನೆಯ ಮೋಡಗಳಲ್ಲಿ ಸುಮಾರು ನೂರು ಕೋಟಿ ಸೂರ್ಯರಷ್ಟು ಅನಿಲವಿದೆ; ಅದರಲ್ಲಿ ಬಹುಪಾಲು ಜಲಜನಕ. ಈ ಮೋಡಗಳು ಸ್ವಂತ ಗುರುತ್ವಕ್ಕೆ ಸಿಲುಕಿ ಕುಸಿಯಲು ಕೆಲವು ದಶಲಕ್ಷ ವರ್ಷ ಸಾಕು. ಆ ಲೆಕ್ಕದಂತೆ ವರ್ಷಕ್ಕೆ ನೂರು-ಇನ್ನೂರು ಸೂರ್ಯರಾದರೂ ಹುಟ್ಟಬೇಕಿತ್ತು. ಹುಟ್ಟುತ್ತಿಲ್ಲವೇಕೆ? 1974ರಲ್ಲೇ ಎದ್ದ ಈ ಪ್ರಶ್ನೆ ಇಂದಿಗೂ ಕಂಪ್ಯೂಟರ್ ಮಾದರಿಗಳನ್ನು ಕಾಡುತ್ತಿದೆ.

ಮೋಡ ಯಾವಾಗ ಕುಸಿಯುತ್ತದೆ ಎಂಬುದಕ್ಕೆ ಬ್ರಿಟನ್ನಿನ ಜೇಮ್ಸ್ ಜೀನ್ಸ್ 1902ರಲ್ಲೇ ಸೂತ್ರ ಕೊಟ್ಟಿದ್ದರು. ಶಾಖದ ಒತ್ತಡವು ಮೋಡವನ್ನು ಹಿಗ್ಗಿಸುತ್ತದೆ, ಗುರುತ್ವ ಕುಗ್ಗಿಸುತ್ತದೆ. ಮೈನಸ್ 263 ಡಿಗ್ರಿ ಸೆಲ್ಸಿಯಸ್‌ನ ಚಳಿಯಲ್ಲಿ ಒತ್ತಡವೇ ಸೋಲುತ್ತದೆ. ಆದರೆ ಜೀನ್ಸರ ಮೋಡ ನಿಶ್ಚಲ. ನಿಜವಾದ ಮೋಡ ಹಾಗಿಲ್ಲ. ಅಲ್ಲಿ ಶಬ್ದದ ವೇಗ ಸೆಕೆಂಡಿಗೆ 0.2 ಕಿ.ಮೀ. ಮಾತ್ರ, ಅನಿಲವಾದರೋ ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಕದಡುತ್ತಿರುತ್ತದೆ. ಕಾಂತಕ್ಷೇತ್ರದ ತಡೆ ಬೇರೆ.

ಇಷ್ಟೂ ಸಾಲದೆಂಬಂತೆ, ಹುಟ್ಟಿದ ನಕ್ಷತ್ರಗಳೇ ಮುಂದಿನ ಹುಟ್ಟಿಗೆ ಅಡ್ಡಿಯಾಗುತ್ತವೆ. ಮಹಾವ್ಯಾಧನ ನಡುಪಟ್ಟಿಯ ಮೂರು ತಾರೆಗಳ ಕೆಳಗೆ ಬರಿಗಣ್ಣಿಗೂ ಮಸುಕಾಗಿ ಕಾಣುವ ನೀಹಾರಿಕೆಯನ್ನು ಓದುಗರು ನೋಡಿರಬಹುದು. ಸುಮಾರು 1,300 ಜ್ಯೋತಿರ್ವರ್ಷ ದೂರದ ಅಲ್ಲಿ ಬೆರಳೆಣಿಕೆಯ ಭಾರಿ ತಾರೆಗಳ ಅತಿನೇರಳೆ ಕಿರಣಗಳು ತಾವು ಹುಟ್ಟಿದ ಮೋಡವನ್ನೇ ಕೊರೆಯುತ್ತಿವೆ. 2021ರಲ್ಲಿ ಪ್ರಕಟವಾದ ‘ಸ್ಟಾರ್‌ಫೋರ್ಜ್’ ಮಾದರಿಯು 20,000 ಸೂರ್ಯರ ತೂಕದ ಮೋಡವೊಂದರಲ್ಲಿ ಇದನ್ನೆಲ್ಲ ಲೆಕ್ಕಕ್ಕೆ ತಂದಿತು. ಆ ಮೋಡದ ಹತ್ತನೇ ಒಂದು ಭಾಗವೂ ನಕ್ಷತ್ರವಾಗಲಿಲ್ಲ! ಎಳೆಯ ತಾರೆಗಳು ಚಿಮ್ಮಿಸುವ ಅನಿಲದ ಕಾರಂಜಿಗಳನ್ನು ಕೈಬಿಟ್ಟರೆ ನಕ್ಷತ್ರಗಳು ವಿಪರೀತ ಕೊಬ್ಬಿದವು.

ಒಂದು ಮೋಡಕ್ಕೆ ಸಾಧ್ಯವಾದದ್ದು ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಗ್ಯಾಲಕ್ಸಿಗೆ ಸಾಧ್ಯವಿಲ್ಲ. ಒಂದೊಂದು ತಾರೆಯ ಹುಟ್ಟನ್ನೂ ಇಷ್ಟು ವಿವರವಾಗಿ ಲೆಕ್ಕ ಹಾಕುವುದು ಸೂಪರ್ ಕಂಪ್ಯೂಟರುಗಳಿಗೂ ಬಲು ಕಷ್ಟ. ಹಾಗಾಗಿ ಹಲವು ಮಾದರಿಗಳಲ್ಲಿ, ಅನಿಲ ಇಂತಿಷ್ಟು ಸಾಂದ್ರವಾದರೆ ಕುಸಿತದ ಒಂದು ಅವಧಿಯಲ್ಲಿ ಅದರ ಶೇಕಡಾ ಒಂದರಷ್ಟು ನಕ್ಷತ್ರವಾಗಲಿ ಎಂದು ಮೊದಲೇ ಬರೆದಿಡುತ್ತಾರೆ. ಅನಿಲದ ಸಾಂದ್ರತೆಗೂ ನಕ್ಷತ್ರಗಳ ಹುಟ್ಟಿಗೂ ಇರುವ ನಂಟನ್ನು ಮಾರ್ಟನ್ ಶ್ಮಿಟ್ 1959ರಲ್ಲಿ, ರಾಬರ್ಟ್ ಕೆನಿಕಟ್ 1998ರಲ್ಲಿ ಅಳೆದು ತೋರಿಸಿದ್ದರು. ಉತ್ತರವನ್ನು ಮೊದಲೇ ತುಂಬಿಸಿ, ಬಳಿಕ ಲೆಕ್ಕ ತಾಳೆಯಾಯಿತೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆ ಆಕಾಶದಲ್ಲೇ ನಡೆಯಬೇಕು. 2024ರ ಜನವರಿಯಲ್ಲಿ ಬಿಡುಗಡೆಯಾದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ 19 ಸುರುಳಿ ಗ್ಯಾಲಕ್ಸಿಗಳ ಮೈತುಂಬ ಗುಳ್ಳೆಗಳು ಕಾಣುತ್ತವೆ. ಮೊದಲ ಸೂಪರ್‌ನೋವಾ ಸಿಡಿಯುವ ಮುನ್ನವೇ ಅನೇಕ ಮೋಡಗಳು ಚದುರಿಹೋಗುತ್ತವೆ ಎಂಬುದು ಇಂಥ ಹತ್ತಿರದ ಗ್ಯಾಲಕ್ಸಿಗಳ ಅಧ್ಯಯನದಿಂದ ತಿಳಿದಿದೆ. ಸೂಪರ್‌ನೋವಾ ಒಂದನ್ನೇ ನೆಚ್ಚಿದ್ದ ಮಾದರಿಗಳಿಗೆ ಈಗ ಬೆಳಕು ಮತ್ತು ನಕ್ಷತ್ರಮಾರುತಗಳನ್ನೂ ಸೇರಿಸದೆ ವಿಧಿಯಿಲ್ಲ.