ವೈದ್ಯಗ್ರಂಥಗಳ ಮಧುಮೇಹಯೋಗಗಳು: ಹೆಸರಿನಿಂದ ಔಷಧದವರೆಗೆ

ಕರ್ನಾಟಕದ ಹಸ್ತಪ್ರತಿ ಭಂಡಾರಗಳಲ್ಲಿ ಕಾವ್ಯ, ಪುರಾಣಗಳ ಜೊತೆಗೆ ವೈದ್ಯಕ್ಕೆ ಸಂಬಂಧಿಸಿದ ಓಲೆಗಳೂ ದೊರೆಯುತ್ತವೆ. ಇಂತಹ ಗ್ರಂಥಗಳಲ್ಲಿ ಪ್ರಮೇಹ, ಮಧುಮೇಹಗಳಿಗೆ ಹೇಳಿರುವ ಯೋಗಗಳನ್ನು ಕಂಡವರಿಗೆ ಒಂದು ಪ್ರಶ್ನೆ ಸಹಜವಾಗಿ ಮೂಡುತ್ತದೆ: ಈ ಮೂಲಿಕೆಗಳು ಇಂದಿನ ಸಕ್ಕರೆ ಕಾಯಿಲೆಗೆ ಔಷಧವಾಗಬಲ್ಲವೆ? ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದಂತೆ ಭಾರತದಲ್ಲಿ ೧೦ ಕೋಟಿಗೂ ಮಿಕ್ಕಿದ ಜನ ಈ ರೋಗಕ್ಕೆ ತುತ್ತಾಗಿರುವುದರಿಂದ, ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಓಲೆಯ ಪಾಠಕ್ಕೂ ರೋಗಿ ಕುಡಿಯುವ ಕಷಾಯಕ್ಕೂ ನಡುವೆ ಮೂರು ನಿರ್ಣಯಗಳು ಅಗತ್ಯ. ಹೇಳಿರುವ ರೋಗ ಯಾವುದು, ಹೇಳಿರುವ ಗಿಡ ಯಾವುದು, ಅದರ ಗುಣ ಪರೀಕ್ಷೆಯಲ್ಲಿ ನಿಂತಿದೆಯೆ ಎಂಬುವೇ ಅವು.

ಮೊದಲು ರೋಗದ ವಿಚಾರ. ಪ್ರಾಚೀನರು ಪ್ರಮೇಹವನ್ನು ೨೦ ಬಗೆಯಾಗಿ ವಿಂಗಡಿಸಿದ್ದಾರೆ: ಕಫದಿಂದ ೧೦, ಪಿತ್ತದಿಂದ ೬, ವಾತದಿಂದ ೪. ಮಧುಮೇಹವು ವಾತಜವಾದ ನಾಲ್ಕರಲ್ಲಿ ಒಂದು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆ ಗುರುತಿಸಿದೆ. ಹುಟ್ಟಿನಿಂದ ಬಂದ ಪ್ರಮೇಹ ಮತ್ತು ಅಪಥ್ಯದಿಂದ ಬಂದ ಪ್ರಮೇಹ ಎಂಬ ಭೇದವನ್ನು ಸುಶ್ರುತಸಂಹಿತೆ ಮಾಡಿ, ಮೊದಲನೆಯದರಲ್ಲಿ ರೋಗಿಯು ಕೃಶನೆಂದೂ ಎರಡನೆಯದರಲ್ಲಿ ಸ್ಥೂಲನೆಂದೂ ಹೇಳುತ್ತದೆ. ಈ ಸೂಕ್ಷ್ಮದೃಷ್ಟಿ ಮೆಚ್ಚತಕ್ಕದ್ದು. ಆದರೆ ೨೦ ಪ್ರಮೇಹಗಳಲ್ಲಿ ಮೂತ್ರದ ಬಣ್ಣ, ಗಡಸುತನಗಳು ಕೆಟ್ಟ ಬೇರೆ ಬೇರೆ ವ್ಯಾಧಿಗಳೂ ಸೇರಿವೆ. ಆದುದರಿಂದ 'ಪ್ರಮೇಹಕ್ಕೆ' ಎಂದು ಬರೆದಿರುವ ಪ್ರತಿಯೊಂದು ಯೋಗವನ್ನೂ ರಕ್ತದ ಸಕ್ಕರೆಯನ್ನು ಇಳಿಸುವ ಮದ್ದೆಂದು ಓದುವುದು ಸರಿಯಲ್ಲ.

ಜೈನ ವೈದ್ಯಗ್ರಂಥಗಳಿಗೆ ಇಲ್ಲಿ ವಿಶೇಷ ಸ್ಥಾನವಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ವು ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಅದೇ ಪರಂಪರೆಯಲ್ಲಿ ೧೨ನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡದಲ್ಲಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಬರೆದನು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸುವುದು ಈ ಪರಂಪರೆಯ ನಿಯಮ. ಪ್ರಮೇಹಯೋಗಗಳಲ್ಲಿ ಜೇನನ್ನು ಅನುಪಾನವಾಗಿ ಹೇಳುವುದು ಸಂಹಿತೆಗಳ ವಾಡಿಕೆಯಾದುದರಿಂದ, ಜೇನಿಲ್ಲದ ಪಾಠವೊಂದು ಸಿಕ್ಕಾಗ ಅದನ್ನು ಲಿಪಿಕಾರನ ಲೋಪವೆಂದು ತಿದ್ದುವ ಮುನ್ನ ಸಂಪಾದಕನು ಆ ಪ್ರತಿ ಯಾವ ಪರಂಪರೆಯದೆಂದು ವಿಚಾರಿಸಬೇಕು.

ಗಿಡದ ನಿರ್ಣಯ ಇನ್ನೂ ಕಠಿನ. 'ಮೇಷಶೃಂಗಿ' ಎಂದರೆ ಟಗರಿನ ಕೊಂಬು. ಕಾಯಿಯ ಆಕಾರದಿಂದ ಬಂದ ಹೆಸರು. ಇದನ್ನು ಕೆಲವರು ಮಧುನಾಶಿನಿ ಬಳ್ಳಿಯೆಂದು ಗುರುತಿಸಿದರೆ, ಮತ್ತೆ ಕೆಲವರು ಬಾಗಿದ ಉದ್ದನೆಯ ಕಾಯಿ ಬಿಡುವ ಬೇರೊಂದು ಮರವೆನ್ನುತ್ತಾರೆ. 'ಅಸನ' ಶಬ್ದವು ಕೆಲವೆಡೆ ಹೊನ್ನೆಗೂ ಕೆಲವೆಡೆ ಮತ್ತಿಗೂ ಸಲ್ಲುತ್ತದೆ. ಕನ್ನಡದಲ್ಲಿಯೇ ಹೊನ್ನೆ, ಸುರಹೊನ್ನೆ, ಹೊಂಗೆ ಎಂಬುವು ಮೂರು ಬೇರೆ ಮರಗಳು. ಓಲೆಯಲ್ಲಿ ಒಂದಕ್ಷರ ತಪ್ಪಿದರೆ ಮರವೇ ಬದಲಾಗುತ್ತದೆ.

ಇನ್ನು ಪರೀಕ್ಷೆಯ ವಿಚಾರ. ಮಧುನಾಶಿನಿಯ ಎಲೆಯನ್ನು ಅಗಿದರೆ ಸ್ವಲ್ಪ ಕಾಲ ನಾಲಗೆಗೆ ಸಿಹಿ ತಿಳಿಯುವುದಿಲ್ಲ. ಹಿಂದಿಯ 'ಗುಡಮಾರ' ಎಂಬ ಹೆಸರಿಗೆ ಇದೇ ಕಾರಣ. ಇದು ನಾಲಗೆಯ ಗುಣವೇ ಹೊರತು ರಕ್ತದ್ದಲ್ಲ. ೧೯೯೦ರಲ್ಲಿ ಮದರಾಸಿನ ವಿಜ್ಞಾನಿಗಳು ಎರಡನೆಯ ಬಗೆಯ ಮಧುಮೇಹವುಳ್ಳ ೨೨ ರೋಗಿಗಳಿಗೆ, ಅವರ ರೂಢಿಯ ಔಷಧದೊಡನೆ, ಇದರ ಎಲೆಯ ಸಾರವನ್ನು ದಿನಕ್ಕೆ ೪೦೦ ಮಿಲಿಗ್ರಾಂನಂತೆ ೧೮ರಿಂದ ೨೦ ತಿಂಗಳು ಕೊಟ್ಟಾಗ, ೫ ಮಂದಿ ರೂಢಿಯ ಔಷಧವನ್ನು ಬಿಡಲು ಸಾಧ್ಯವಾಯಿತೆಂದು ವರದಿ ಮಾಡಿದರು. ೧೯೯೮ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ, ಹೊಸದಾಗಿ ರೋಗ ಕಂಡುಬಂದ ೯೭ ಜನರಿಗೆ ಹೊನ್ನೆಯ ಔಷಧವನ್ನು ಕೊಡಲಾಗಿ ೬೭ ಜನರಲ್ಲಿ ೧೨ ವಾರಗಳೊಳಗೆ ಸಕ್ಕರೆ ಹತೋಟಿಗೆ ಬಂದಿತು. ಆದರೆ ಹೋಲಿಸಿ ನೋಡಲು ಈ ಅಧ್ಯಯನದಲ್ಲಿ ಬೇರೊಂದು ಗುಂಪಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳಲ್ಲಿ ಮೆಂತ್ಯದ ಬೀಜವು ಸಕ್ಕರೆಯನ್ನು ತಗ್ಗಿಸಿತು. ಅದರಲ್ಲಿರುವ ನಾರು ಸಕ್ಕರೆಯು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಬ್ರೆಜಿಲಿನಲ್ಲಿ ನೇರಳೆ ಎಲೆಯ ಕಷಾಯವನ್ನು ಪರೀಕ್ಷಿಸಿದಾಗ ಫಲ ಕಾಣಲಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಅದರ ಬೀಜ. ಗಿಡದ ಹೆಸರಿನಷ್ಟೇ ಅದರ ಅಂಗದ ನಿರ್ಣಯವೂ ಮುಖ್ಯವೆಂಬುದಕ್ಕೆ ಇದು ನಿದರ್ಶನ.

ಮೂಲಿಕೆಯ ಸುಳಿವು ಔಷಧವಾಗಿ ಪರಿಣಮಿಸಿದ ಪ್ರಸಂಗವೂ ಉಂಟು. ಯುರೋಪಿನ ಗಲೀಗ ಎಂಬ ಗಿಡದಲ್ಲಿರುವ ರಾಸಾಯನಿಕವು ಸಕ್ಕರೆಯನ್ನು ಇಳಿಸಿದರೂ ವಿಷಕರವಾಗಿತ್ತು. ಅದೇ ವರ್ಗಕ್ಕೆ ಸೇರಿದ ಮೆಟ್‌ಫಾರ್ಮಿನ್ ೧೯೨೨ರಲ್ಲಿ ತಯಾರಾಯಿತು. ೧೯೫೭ರಲ್ಲಿ ಫ್ರೆಂಚ್ ವೈದ್ಯ ಜೀನ್ ಸ್ಟರ್ನ್ ಅದನ್ನು ರೋಗಿಗಳಲ್ಲಿ ಬಳಸಿದ ಫಲವನ್ನು ಪ್ರಕಟಿಸಿದನು. ಇಂದು ಅದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಇಲ್ಲಿ ಗಿಡವು ದಾರಿಯನ್ನು ತೋರಿತು. ಆ ದಾರಿ ಕ್ಷೇಮವೆಂದು ನಿರ್ಣಯಿಸಿದುದು ಪ್ರಯೋಗ.

ಈ ಭೇದವನ್ನು ಮರೆತರೆ ಪ್ರಾಣಕ್ಕೆ ಅಪಾಯ. ಮೊದಲನೆಯ ಬಗೆಯ ಮಧುಮೇಹಿಯು ಯಾವುದೋ ಯೋಗವನ್ನು ನಂಬಿ ಇನ್ಸುಲಿನನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಮೃತ್ಯುಮುಖನಾಗಬಹುದು. ಮಾತ್ರೆಯ ಜೊತೆಗೆ ವೈದ್ಯರಿಗೆ ತಿಳಿಸದೆ ಮೂಲಿಕೆಯನ್ನೂ ಸೇವಿಸಿದರೆ ಸಕ್ಕರೆ ಮಿತಿಮೀರಿ ಇಳಿದು ಪ್ರಜ್ಞೆ ತಪ್ಪಬಹುದು.

ಆದಕಾರಣ ವೈದ್ಯಗ್ರಂಥಗಳ ಸಂಪಾದಕರ ಹೊಣೆ ಕಾವ್ಯಸಂಪಾದಕರ ಹೊಣೆಗಿಂತ ಒಂದು ತೂಕ ಹೆಚ್ಚಿನದು. ಪಾಠಾಂತರಗಳನ್ನು ಬಿಡದೆ ಕೊಡುವುದು, ಸಂದಿಗ್ಧವಾದ ಸಸ್ಯನಾಮವನ್ನು ಸಂದಿಗ್ಧವೆಂದೇ ಹೇಳುವುದು, ಗಿಡದ ಅಂಗವನ್ನೂ ಪ್ರಮಾಣವನ್ನೂ ಮೂಲದಲ್ಲಿದ್ದಂತೆ ಉಳಿಸುವುದು, ಸಸ್ಯಶಾಸ್ತ್ರಜ್ಞರ ನೆರವು ಪಡೆಯುವುದು ಅವಶ್ಯಕ. ಹೀಗೆ ಶುದ್ಧಗೊಂಡ ಪಾಠವು ರೋಗಿಗೆ ನೇರವಾಗಿ ಮದ್ದಾಗದಿದ್ದರೂ, ಮದ್ದನ್ನು ಅರಸುವವರಿಗೆ ನಂಬತಕ್ಕ ಕೈದೀವಿಗೆಯಾಗುತ್ತದೆ.