ಕ್ಯಾಂಪಿನ ‘ಕಿ’, ಲಿಸ್ಬನ್ನಿನ ‘ಕೆ’

ಸಿಂಧನೂರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಐದು ನಿಮಿಷ ಕೂತರೆ ಸಾಕು, ಪಕ್ಕದವರು ಕೇಳಿಯೇ ಕೇಳುತ್ತಾರೆ: ‘ಯಾವೂರ್ರೀ ನಿಮ್ದು?’ ಜವಳಗೇರಿ ಎಂದರೋ ತುರುವಿಹಾಳ ಎಂದರೋ ಮಾತು ಮಳೆ ಬೆಳೆಗೆ ಹೊರಳುತ್ತದೆ. ‘ಆರ್.ಎಚ್. ಕ್ಯಾಂಪು’ ಎಂದರೆ ಮಾತ್ರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಹೌದಾ? ಅದಕ್ಕೂ ಮೊದ್ಲು ಎಲ್ಲಿಂದ ಬಂದ್ರಿ?’

ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ 1971ರ ಯುದ್ಧದ ಆಸುಪಾಸಿನಲ್ಲಿ ಇಲ್ಲಿ ನೆಲೆ ಕೊಟ್ಟರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಕೆರೆಯ ಮೀನು. ಊರಿಗೆ ಹೆಸರಿಡುವ ಪುರುಸೊತ್ತು ಯಾರಿಗೂ ಇರಲಿಲ್ಲವೇನೋ, ಕ್ಯಾಂಪುಗಳು ಒಂದು, ಎರಡು, ಮೂರು ಎಂಬ ಅಂಕಿಗಳಲ್ಲೇ ಉಳಿದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ ಸುತ್ತ ಇರುವುದರಿಂದ ಇಲ್ಲಿಯ ಸಂತೆಯಲ್ಲಿ ಕನ್ನಡ, ತೆಲುಗು, ಬಂಗಾಳಿ, ಹಿಂದಿ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಈ ಊರಿಗೂ ಪೋರ್ಚುಗೀಸ್ ಭಾಷೆಗೂ ಏನು ಸಂಬಂಧ? ನನಗೂ ಹೊಳೆದಿರಲಿಲ್ಲ. ಬ್ರೆಜಿಲ್ ಫುಟ್‌ಬಾಲ್ ಆಟಗಾರರ ಸಂದರ್ಶನ ಅವರದೇ ಭಾಷೆಯಲ್ಲಿ ಕೇಳಬೇಕೆಂಬ ಹುಚ್ಚಿನಿಂದ ಮೊಬೈಲಿನಲ್ಲಿ ಪಾಠ ಶುರುಮಾಡಿದೆ. ಎರಡನೇ ವಾರ ಪ್ರಶ್ನೆಪದಗಳು ಬಂದವು, ತಲೆ ಕೆಟ್ಟಿತು. ಕೇಂ ಎಂದರೆ ಯಾರು. ಕೆ ಎಂದರೆ ಏನು, ಬ್ರೆಜಿಲ್‌ನವರ ಬಾಯಲ್ಲಿ ಅದೇ ಕಿ. ಕ್ವಾಂದು ಯಾವಾಗ, ಕ್ವಾಂತು ಎಷ್ಟು, ಕ್ವಾಲ್ ಯಾವುದು, ಕೋಮು ಹೇಗೆ. ಎಲ್ಲವೂ ‘ಕ’, ಎಲ್ಲವೂ ಒಂದೇ ಮುಖ. ಕ್ಯಾಂಪಿನ ಗೆಳೆಯನೊಬ್ಬನ ಮುಂದೆ ಪಟ್ಟಿ ಹಿಡಿದು ಗೋಳು ತೋಡಿಕೊಂಡರೆ ಅವನು ನಕ್ಕುಬಿಟ್ಟ. ‘ಇದರಾಗ ಏನೈತಿ? ನಮ್ಮನ್ಯಾಗೂ ಹಿಂಗ ಮಾತಾಡ್ತೀವಿ.’ ಹೌದಲ್ಲ! ಬಂಗಾಳಿಯಲ್ಲಿ ಕೆ ಎಂದರೆ ಯಾರು, ಕಿ ಎಂದರೆ ಏನು, ಕಖೊನ್ ಯಾವಾಗ, ಕತೊ ಎಷ್ಟು, ಕೊನ್ ಯಾವ, ಕೆಮೊನ್ ಹೇಗೆ, ಕೆನೊ ಯಾಕೆ.

ಇದು ಆಕಸ್ಮಿಕವಲ್ಲ. ಬಂಗಾಳಿ ಸಂಸ್ಕೃತದ ಕಡೆಯಿಂದ ಬಂದದ್ದು, ಪೋರ್ಚುಗೀಸ್ ಲ್ಯಾಟಿನ್ ಕಡೆಯಿಂದ. ಸಂಸ್ಕೃತದ ಕಃ, ಕಿಂ, ಕದಾ. ಲ್ಯಾಟಿನ್ನಿನ ಕ್ವಿಸ್, ಕ್ವಿದ್, ಕ್ವಾಂದೋ. ಎರಡರ ಹಿಂದೆಯೂ ಇರುವುದು ಸಾವಿರಾರು ವರ್ಷಗಳ ಹಿಂದಿನ ಒಂದೇ ಬೇರು. ನಮ್ಮ ಕನ್ನಡ ಆ ಮನೆತನದ್ದಲ್ಲ. ನಮ್ಮ ಪ್ರಶ್ನೆಗಳು ‘ಎ’ಕಾರದ ಮೇಲೆ ನಿಂತವು: ಏನು, ಎಲ್ಲಿ, ಎಷ್ಟು, ಏಕೆ. ಅದರ ಚೆಲುವೇ ಬೇರೆ. ಇಲ್ಲಿ, ಅಲ್ಲಿ, ಎಲ್ಲಿ. ಇಷ್ಟು, ಅಷ್ಟು, ಎಷ್ಟು. ಹೀಗೆ, ಹಾಗೆ, ಹೇಗೆ. ಹತ್ತಿರದ್ದಕ್ಕೆ ಒಂದು ಸ್ವರ, ದೂರದ್ದಕ್ಕೆ ಒಂದು, ಗೊತ್ತಿಲ್ಲದ್ದಕ್ಕೆ ಇನ್ನೊಂದು. ಮಗ್ಗಿಯಷ್ಟು ಸಲೀಸು. ಬಂಗಾಳಿಯಲ್ಲೂ ಎತೊ, ತತೊ, ಕತೊ ಎಂಬ ಇಂಥದೇ ಜೋಡಣೆಯಿದೆ. ಪೋರ್ಚುಗೀಸಿನಲ್ಲಿ ತಾಂತು, ಕ್ವಾಂತು ಎಂಬಲ್ಲಿ ಅದರ ಚೂರು ಉಳಿದಿದೆ. ಆದರೆ ಅವರ ಕ್ವಾಂತು ಲೆಕ್ಕಕ್ಕೆ ಸಿಗುವ ವಸ್ತುವಿನ ಲಿಂಗ, ವಚನ ನೋಡಿ ಬಾಲ ಬದಲಿಸುತ್ತದೆ. ಪುಸ್ತಕ ಎಷ್ಟು ಎನ್ನಲು ಕ್ವಾಂತುಸ್, ಕುರ್ಚಿ ಎಷ್ಟು ಎನ್ನಲು ಕ್ವಾಂತಸ್. ಕುರ್ಚಿ ಹೆಣ್ಣು ಎಂದು ನಂಬುವುದು ನಮಗೂ ಕಷ್ಟ, ಬಂಗಾಳಿಗಳಿಗೆ ಇನ್ನೂ ಕಷ್ಟ. ಅವರ ಭಾಷೆಯಲ್ಲಿ ಅವನು ಅವಳು ಎರಡಕ್ಕೂ ‘ಶೆ’ ಒಂದೇ ಸಾಕು.

ಹಾಗಾದರೆ ಪೋರ್ಚುಗೀಸ್ ಕಲಿಯುವುದರಲ್ಲಿ ಕನ್ನಡದವರಿಗೆ ಸೋಲು, ಕ್ಯಾಂಪಿನವರಿಗೆ ಗೆಲುವು ಎಂದು ತೀರ್ಪು ಕೊಡುವಂತಿಲ್ಲ. ‘ಎಲ್ಲಿ’ ವಿಷಯಕ್ಕೆ ಬನ್ನಿ. ಪೋರ್ಚುಗೀಸಿನ ಒಂದಿ ಅಥವಾ ಒಂದ್ ಎಂಬುದೊಂದೇ ‘ಕ’ ಇಲ್ಲದ ಒಂಟಿ. ಕಿವಿಗೆ ನಮ್ಮ ‘ಒಂದು’ ಎಂದೇ ಬಡಿಯುತ್ತದೆ, ಮೊದಮೊದಲು ನಾನು ಲೆಕ್ಕ ಕೇಳುತ್ತಿದ್ದಾರೆ ಅಂದುಕೊಂಡೆ. ಇರುವ ಜಾಗ ಕೇಳಲು ಒಂದಿ, ಹೋಗುವ ಜಾಗಕ್ಕೆ ಅಒಂದಿ, ಬಂದ ಜಾಗಕ್ಕೆ ದಿ ಒಂದಿ. ಇಂಗ್ಲಿಷ್ ಮೂಲಕ ಕಲಿತವರು ಮೊದಲೆರಡನ್ನು ಕಲಸಿಬಿಡುತ್ತಾರೆ. ಬಂಗಾಳಿಯ ಕೋಥಾಯ್ ಕೂಡ ಇರುವುದಕ್ಕೂ ಹೋಗುವುದಕ್ಕೂ ಒಂದೇ. ಕನ್ನಡದವರಿಗೆ ಎಲ್ಲಿ, ಎಲ್ಲಿಗೆ, ಎಲ್ಲಿಂದ ಹುಟ್ಟಿನಿಂದಲೇ ಬೇರೆ ಬೇರೆ. ಹಾಗೆಯೇ ‘ಯಾರ ಜೊತೆ’, ‘ಯಾರಿಗೆ’ ಎನ್ನಲು ಪೋರ್ಚುಗೀಸ್ ಕೊಂ ಕೇಂ, ಅ ಕೇಂ ಎಂದು ಎರಡನ್ನೂ ಒಟ್ಟಿಗೇ ಇಡುತ್ತದೆ, ಇಂಗ್ಲಿಷಿನಂತೆ ಯಾರನ್ನು ಮುಂದಕ್ಕೂ ಜೊತೆಯನ್ನು ಕೊನೆಗೂ ಎಸೆಯುವುದಿಲ್ಲ. ಇಂಗ್ಲಿಷ್ ಬಂದರೆ ಯುರೋಪಿನ ಭಾಷೆಗಳೆಲ್ಲ ಸುಲಭ ಎಂದು ಹೇಳುವವರ ಮಾತನ್ನು ನಾನು ಆ ದಿನದಿಂದ ಪೂರ್ತಿ ನಂಬುತ್ತಿಲ್ಲ.

ಇನ್ನು ಹೌದು ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆ. ಇಲ್ಲಿ ರಾಯಚೂರು ಸೀಮೆಯ ಕನ್ನಡಕ್ಕೂ ಬಂಗಾಳಿಗೂ ಒಂದು ಗುಟ್ಟಿನ ನಂಟಿದೆ. ‘ಏನುಣ್ತಿ?’ ಎಂದರೆ ಅನ್ನವೋ ರೊಟ್ಟಿಯೋ ಹೇಳಬೇಕು. ‘ಉಣ್ತಿಯೇನು?’ ಎಂದರೆ ಹ್ಞೂಂ ಅಂದರೆ ಸಾಕು. ಅದೇ ‘ಏನು’, ಜಾಗ ಬದಲಾದರೆ ಕೆಲಸ ಬದಲು. ಬಂಗಾಳಿಯ ‘ತುಮಿ ಕಿ ಖಾಬೆ?’ ಎಂಬುದಕ್ಕೂ ಎರಡು ಅರ್ಥ. ಮಾತಿನಲ್ಲಿ ಒತ್ತು ಎಲ್ಲಿ ಬಿತ್ತೆಂದು ನೋಡಬೇಕು, ಬರಹದಲ್ಲಿ ಹ್ರಸ್ವ ಕಿ, ದೀರ್ಘ ಕೀ ಎಂದು ಬೇರೆ ಮಾಡುತ್ತಾರೆ. ಪೋರ್ಚುಗೀಸಿನಲ್ಲಿ ಈ ಕೆಲಸಕ್ಕೆ ಪದವೇ ಬೇಡ. ‘ನೀನು ಉಣ್ಣುತ್ತೀ’ ಎಂಬ ವಾಕ್ಯದ ಕೊನೆಯಲ್ಲಿ ದನಿ ಏರಿಸಿದರೆ ಅದೇ ಪ್ರಶ್ನೆ. ಕಲಿಯುವವನ ಪಾಲಿಗೆ ಇದು ಸುಲಭವೂ ಹೌದು, ಅಪಾಯವೂ ಹೌದು. ದನಿ ಏರಲಿಲ್ಲವೆಂದರೆ ನೀವು ಕೇಳಿದ್ದಲ್ಲ, ಹೇಳಿದ್ದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಯಾಕೆ’. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಇದನ್ನು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ, ಅಲ್ಲಿಯ ಶಾಲಾ ಮಕ್ಕಳೇ ತಪ್ಪುತ್ತಾರೆ. ಪುರ್ ಕೆ ಎಂದು ಬಿಡಿಸಿ ಬರೆದರೆ ಯಾಕೆ, ಪುರ್ಕೆ ಎಂದು ಕೂಡಿಸಿದರೆ ಯಾಕೆಂದರೆ. ವಾಕ್ಯದ ಕೊನೆಗೆ ಬಂದರೆ ತಲೆ ಮೇಲೊಂದು ಟೋಪಿ, ‘ಕಾರಣ’ ಎಂಬ ನಾಮಪದವಾದರೆ ಕೂಡಿಸಿ ಟೋಪಿ. ಮೊದಲೆರಡನ್ನು ಮಾತ್ರ ಗಮನಿಸಿ. ಪ್ರಶ್ನೆಯೂ ಉತ್ತರವೂ ಒಂದೇ ಪದ, ನಡುವೆ ಒಂದು ತೆರಪು ಅಷ್ಟೆ. ನಮ್ಮಲ್ಲೂ ಹಾಗೇ ಅಲ್ಲವೇ? ಯಾಕೆ ಎಂಬುದಕ್ಕೆ ‘ಅಂದರೆ’ ಸೇರಿಸಿ ಯಾಕೆಂದರೆ ಮಾಡಿಕೊಂಡೆವು. ಬಂಗಾಳಿಗಳು ಕೆನೊ ಎಂಬುದಕ್ಕೆ ‘ನಾ’ ಹಚ್ಚಿ ಕೆನೊನಾ ಎಂದರು. ಪರಸ್ಪರ ಮುಖ ನೋಡದ ಮೂರು ಕಡೆಯ ಜನ, ಎದುರಿನವನು ಇನ್ನೇನು ಯಾಕೆ ಎನ್ನುತ್ತಾನೆಂದು ಊಹಿಸಿ, ಅವನ ಪ್ರಶ್ನೆಯನ್ನು ತಾವೇ ಕೇಳಿಕೊಂಡು ಉತ್ತರ ಶುರುಮಾಡಿದ್ದಾರೆ.

ಪರಸ್ಪರ ಮುಖ ನೋಡದ ಎಂದೆ, ಅದು ಪೂರ್ತಿ ನಿಜವಲ್ಲ. ಹದಿನಾರನೇ ಶತಮಾನದಲ್ಲೇ ಪೋರ್ಚುಗೀಸರು ಚಿತ್ತಗಾಂಗ್, ಹೂಗ್ಲಿಗಳಲ್ಲಿ ಬೀಡುಬಿಟ್ಟಿದ್ದರು. ಬಂಗಾಳಿಯ ಮೊದಲ ವ್ಯಾಕರಣ ಬರೆದವನೂ ಒಬ್ಬ ಪೋರ್ಚುಗೀಸ್ ಪಾದ್ರಿ, ಮನುವೆಲ್ ದ ಅಸ್ಸುಂಪ್ಸಾಂವ್. ಢಾಕಾ ಹತ್ತಿರದ ಭಾವಾಲ್ ಸೀಮೆಯಲ್ಲಿದ್ದ ಅವನ ವ್ಯಾಕರಣ ಮತ್ತು ಬಂಗಾಳಿ–ಪೋರ್ಚುಗೀಸ್ ಪದಕೋಶ 1743ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು, ಬಂಗಾಳಿಯೂ ರೋಮನ್ ಅಕ್ಷರಗಳಲ್ಲೇ. ಅದೇ ವರ್ಷ ಬಂದ ಅವನ ಇನ್ನೊಂದು ಪುಸ್ತಕ, ‘ಕೃಪಾರ್ ಶಾಸ್ತ್ರೇರ್ ಅರ್ಥಭೇದ’, ಗುರು ಶಿಷ್ಯರ ಪ್ರಶ್ನೋತ್ತರ. ಕಿ, ಕೆ, ಕೆನೊ ಎಂದು ಪುಟ ಪುಟ ಬರೆಯುವಾಗ ತನ್ನ ಊರಿನ ಮಾತೇ ಕೇಳಿದಂತೆ ಅವನಿಗೂ ಅನಿಸಿರಬಹುದೇ?

ಅವನ ಜನ ಬಿಟ್ಟುಹೋದ ಪದಗಳು ಇವತ್ತಿಗೂ ಕ್ಯಾಂಪಿನ ಮನೆಗಳಲ್ಲಿವೆ. ಬಂಗಾಳಿಯ ಚಾಬಿ, ಜಾನಾಲಾ, ಆಲ್ಮಾರಿ, ಬಾಲ್ತಿ. ನಮ್ಮ ಚಾವಿ, ಅಲಮಾರು, ಇಸ್ತ್ರಿ, ಬಟಾಟೆ, ಪಾದ್ರಿ. ಮನೆ ತುಂಬ ಸಾಮಾನು ಕೊಟ್ಟವರು ಒಂದೇ ಒಂದು ಪ್ರಶ್ನೆಪದವನ್ನೂ ಕೊಡಲಿಲ್ಲ, ನಾವೂ ತೆಗೆದುಕೊಳ್ಳಲಿಲ್ಲ. ಬೀಗದ ಕೈಗೆ ಪರದೇಶದ ಹೆಸರು ನಡೆಯುತ್ತದೆ. ‘ಎಲ್ಲಿಟ್ಟೆ?’ ಎಂದು ಹುಡುಕುವುದು ಮಾತ್ರ ಅವ್ವನ ಮಾತಿನಲ್ಲೇ.

ಕ್ಯಾಂಪಿನವರಿಗೆ ಪ್ರಶ್ನೆಪದಗಳು ಬರೀ ಪಾಠವಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್‌ನಲ್ಲಿ ನಿಯಮಗಳು ಬಂದವು. ಎಲ್ಲಿ ಹುಟ್ಟಿದಿರಿ, ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ, ಅದಕ್ಕೆ ಏನು ದಾಖಲೆ? 2014ರ ಡಿಸೆಂಬರ್ 31ರ ಒಳಗೆ ಬಂದಿರಬೇಕು. ಅರ್ಧ ಶತಮಾನದಿಂದ ಇಲ್ಲೇ ಭತ್ತ ನೆಟ್ಟವರಿಗೂ ‘ಯಾವಾಗ’ ಎಂಬ ಪ್ರಶ್ನೆ ಬಿಟ್ಟಿಲ್ಲ. ಅಜ್ಜಿಯರು ಹೊಸ ಬಂಗಾಳಿ ಮುಖ ಕಂಡರೆ ಕೇಳುವುದೂ ಇದನ್ನೇ, ಧಾಟಿ ಮಾತ್ರ ಬೇರೆ: ‘ದೇಶೇರ್ ಬಾಡಿ ಕೋಥಾಯ್?’ ಅಂದರೆ ಬಿಟ್ಟುಬಂದ ಮನೆ ಎಲ್ಲಿ?

ನನ್ನ ಮೊಬೈಲಿನ ಪಾಠದ ಕೊನೆಗೆ ಎರಡು ಪ್ರಶ್ನೆಗಳಿದ್ದವು. ‘ಒಂದಿ ವೊಸೆ ಮೋರಾ?’ ನೀವಿರುವುದು ಎಲ್ಲಿ? ‘ದಿ ಒಂದಿ ವೊಸೆ ಎ?’ ನೀವು ಎಲ್ಲಿಯವರು? ನಾನು ಎರಡಕ್ಕೂ ಸಿಂಧನೂರು ಎಂದು ತುಂಬಿದೆ. ಗೆಳೆಯ ಮೊದಲನೆಯದಕ್ಕೆ ಆರ್.ಎಚ್. ಕ್ಯಾಂಪು ಎಂದು ಬರೆದ. ಎರಡನೆಯದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿಯೂ ಅದನ್ನೇ ಬರೆದ. ಮೊಬೈಲು ಎರಡಕ್ಕೂ ಹಸಿರು ಗುರುತು ಹಾಕಿತು.