ನಾನು ರಿಜಿಸ್ಟರ್ ನೋಡಿದ್ದೆ, ಟೀಚರನ್ನು ನೋಡಿರಲಿಲ್ಲ

ಮೂವತ್ತು ವರ್ಷಕ್ಕೆ ಹತ್ತಿರ ಹತ್ತಿರ ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಬಯಲುಸೀಮೆಯ ಒಂದು ತಾಲ್ಲೂಕು, ನನ್ನ ಸರ್ಕಲ್ಲಿಗೆ ಸುಮಾರು 25 ಕೇಂದ್ರಗಳು. ‘ಸೂಪರ್‌ವೈಸರ್ ಮೇಡಂ ಬಂದ್ರು’ ಅಂದರೆ ಸಾಕು, ಊರ ಆ ತುದಿಯಲ್ಲಿದ್ದ ಸಹಾಯಕಿ ಸೆರಗು ಸರಿ ಮಾಡಿಕೊಂಡು ಓಡಿ ಬರುತ್ತಿದ್ದಳು. ಅದನ್ನು ನಾನು ಗೌರವ ಅಂದುಕೊಂಡಿದ್ದೆ. ಅದು ಭಯ ಅಂತ ತಿಳಿಯೋದಕ್ಕೆ ಒಂದು ಮಗು ಸಾವಿನ ಅಂಚಿಗೆ ಹೋಗಿ ಬರಬೇಕಾಯಿತು.

2012ರ ಸುಮಾರಿನ ಮಾತು. ಮಧ್ಯಾಹ್ನದ ಬಸ್ಸು ತಪ್ಪಿ ಒಂದು ಹಳ್ಳಿಯಲ್ಲಿ ಉಳಿದುಬಿಟ್ಟೆ. ಬೆಳಿಗ್ಗೆಯೇ ಅಲ್ಲಿನ ಕೇಂದ್ರದ ರಿಜಿಸ್ಟರ್‌ಗಳನ್ನೆಲ್ಲ ನೋಡಿ ಸಹಿ ಹಾಕಿದ್ದೆ. ಹಾಜರಾತಿ ಸರಿ, ದಾಸ್ತಾನು ಸರಿ, ಬೆಳವಣಿಗೆ ಪಟ್ಟಿಯಲ್ಲಿ ಎಲ್ಲ ಮಕ್ಕಳೂ ಹಸಿರು ಅಥವಾ ಹಳದಿ. ಮುಂದಿನ ಬಸ್ಸಿಗೆ ಎರಡು ಗಂಟೆ ಇತ್ತು. ಸುಮ್ಮನೆ ಚಾಪೆಯ ಮೇಲೆ ಕೂತಿದ್ದೆ. ಪಾತ್ರೆ ತೊಳೆಯುತ್ತಿದ್ದ ಸಹಾಯಕಿ ಒಂದು ಸಲ ಟೀಚರ್ ಕಡೆ ನೋಡಿ, ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: “ಮೇಡಂ, ಆ ಮೂಲೇಲಿ ಕೂತಿದ್ಯಲ್ಲ, ಆ ಮಗೂನ ಒಂದ್ಸಲ ತೂಗಿ ನೋಡ್ತೀರಾ?”

ಎರಡೂವರೆ ವರ್ಷದ ಹೆಣ್ಣುಮಗು. ನೇತು ಹಾಕುವ ತಕ್ಕಡಿಯಲ್ಲಿ ಕೂರಿಸಿದರೆ ಮುಳ್ಳು 8 ಕಿಲೋ ದಾಟಲಿಲ್ಲ. ರಿಜಿಸ್ಟರ್‌ನಲ್ಲಿ ಇದ್ದದ್ದು ಹತ್ತೂವರೆ. ತೋಳಿನ ಸುತ್ತಳತೆ 11 ಸೆಂಟಿಮೀಟರ್. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಅದು ಹನ್ನೊಂದೂವರೆಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ ಅಂತ ಲೆಕ್ಕ. ಅಂದರೆ ಪಟ್ಟಿಯಲ್ಲಿ ಕಿತ್ತಳೆ ಬಣ್ಣದಲ್ಲಿ ಇರಬೇಕಾದ ಮಗು ಹಸಿರಿನಲ್ಲಿತ್ತು. ಕೆಳಗೆ ನನ್ನದೇ ಸಹಿ.

ನನ್ನ ಸಿಟ್ಟು ನೆತ್ತಿಗೇರಿತು. “ಯಾಕಮ್ಮ ಸುಳ್ಳು ಬರೆದೆ?” ಅಂತ ಕೂಗಿದೆ. ಟೀಚರ್ ಅಳಲಿಲ್ಲ. ತುಂಬಾ ಸಮಾಧಾನದಿಂದ ಹೇಳಿದಳು:

“ಹೋದ ವರ್ಷ ಎರಡು ಮಕ್ಳನ್ನ ಕಿತ್ತಳೇಲಿ ಬರ್ದಿದ್ದೆ ಮೇಡಂ. ಮೀಟಿಂಗ್‌ನಲ್ಲಿ ಎಲ್ಲಾರ ಎದುರಿಗೆ ನನ್ನ ಎದ್ದು ನಿಲ್ಸಿ, ‘ಮಕ್ಳಿಗೆ ಊಟ ಹಾಕ್ತೀಯೋ, ಮನೆಗೆ ಹೊತ್ಕೊಂಡು ಹೋಗ್ತೀಯೋ’ ಅಂತ ಕೇಳಿದ್ರಿ. ಆವತ್ತಿಂದ ಕಿತ್ತಳೆ ಬಣ್ಣ ಮುಟ್ಟಿಲ್ಲ.”

ನನಗೆ ಆ ಮೀಟಿಂಗ್ ನೆನಪೇ ಇರಲಿಲ್ಲ. ಅವಳು ಮರೆತಿರಲಿಲ್ಲ.

ಅವಳ ಒಂದು ದಿನ

ಮಗುವನ್ನು ಆವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಸಾಮಾನ್ಯವಾಗಿ 14 ದಿನ ಇಟ್ಟುಕೊಂಡು ಹೊತ್ತುಹೊತ್ತಿಗೆ ಆಹಾರ, ಔಷಧಿ ಕೊಡುತ್ತಾರೆ. ಜೊತೆಗಿರುವ ತಾಯಿಗೆ ಕೂಲಿ ನಷ್ಟದ ಭತ್ಯೆಯೂ ಉಂಟು. “ಇನ್ನೊಂದೆರಡು ವಾರ ತಡ ಆಗಿದ್ದರೆ ಕಷ್ಟ ಇತ್ತು” ಅಂದರು ಡಾಕ್ಟರು. ಮಗು ಉಳಿಯಿತು.

ಬಸ್ಸಿನಲ್ಲಿ ವಾಪಸ್ ಬರುವಾಗ ಮೊದಲ ಸಲ ಆ ಟೀಚರ್‌ನ ಒಂದು ದಿನವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಂಗನವಾಡಿಯ ಮೂಲ ಕೆಲಸಗಳೇ ಆರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ. ಇದರ ಮೇಲೆ ಮನೆ ಭೇಟಿ, ಮತದಾರರ ಪಟ್ಟಿಯ ಕೆಲಸ, ಬಂದುಬಿದ್ದ ಸರ್ವೆಗಳು, ಸ್ತ್ರೀಶಕ್ತಿ ಸಂಘ. ಕೈಗೆ ಬರೋದು ಸಂಬಳ ಅಲ್ಲ, ‘ಗೌರವಧನ’. ಅದೂ ಎಷ್ಟೋ ಸಲ ಎರಡು ಮೂರು ತಿಂಗಳಿಗೊಮ್ಮೆ. ಇಷ್ಟರ ಮಧ್ಯೆ ನಾನು ತಿಂಗಳಿಗೊಮ್ಮೆ ಹೋಗಿ ಕೇಳುತ್ತಿದ್ದ ಪ್ರಶ್ನೆ ಒಂದೇ: “ರಿಜಿಸ್ಟರ್ ಎಲ್ಲಿ?”

ಈ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿಗೆ. ಆಗಿನಿಂದಲೂ ಕಾರ್ಯಕರ್ತೆ, ಸಹಾಯಕಿಯರನ್ನು ‘ಗೌರವ ಸೇವೆ’ಯವರು ಅಂತಲೇ ಕರೆದದ್ದು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಇವರದ್ದು ಸರ್ಕಾರಿ ಹುದ್ದೆಯಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. 2018ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರ ತನ್ನ ಲೆಕ್ಕದ ಗೌರವಧನವನ್ನು ಕಾರ್ಯಕರ್ತೆಗೆ 3,000ದಿಂದ 4,500 ರೂಪಾಯಿಗೆ, ಸಹಾಯಕಿಗೆ 1,500ರಿಂದ 2,250ಕ್ಕೆ ಏರಿಸಿತು. ರಾಜ್ಯ ತನ್ನ ಪಾಲು ಬೇರೆ ಸೇರಿಸುತ್ತದೆ. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣದಲ್ಲಿ, ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಜನ ಬರಿಗೈಯಲ್ಲಿ ಮನೆಗೆ ಹೋಗಿ ಆಗಿತ್ತು.

ಸಂಬಳ ಏರಿಸೋದು ನನ್ನ ಕೈಯಲ್ಲಿರಲಿಲ್ಲ. ಆದರೆ ನನ್ನ ನಾಲಿಗೆ ನನ್ನ ಕೈಯಲ್ಲೇ ಇತ್ತಲ್ಲ?

ನಾನು ಬದಲಾಯಿಸಿದ್ದು ಇಷ್ಟೇ

ಮುಂದಿನ ಸರ್ಕಲ್ ಮೀಟಿಂಗ್‌ನಲ್ಲಿ ಎಲ್ಲರ ಎದುರಿಗೇ ಆ ಟೀಚರ್ ಹತ್ತಿರ ಕ್ಷಮೆ ಕೇಳಿದೆ. ಬೈದದ್ದು ಎಲ್ಲರ ಎದುರಿಗೆ ತಾನೇ? “ಇನ್ಮೇಲೆ ಇದ್ದದ್ದನ್ನ ಇದ್ದ ಹಾಗೇ ಬರೀರಿ. ಮೇಲಿನವರಿಗೆ ಉತ್ತರ ಹೇಳೋದು ನನ್ನ ಕೆಲಸ” ಅಂದೆ. ಯಾರೂ ನಂಬಲಿಲ್ಲ. ಎರಡು ತಿಂಗಳು ಕಾದು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನಿಜ ಬರೆಯತೊಡಗಿದರು. ಮೂರನೇ ತಿಂಗಳ ವರದಿಯಲ್ಲಿ ಇಡೀ ತಾಲ್ಲೂಕಿನಲ್ಲೇ ನಮ್ಮ ಸರ್ಕಲ್ ಅಂಕಿ ಕೆಟ್ಟದು! ಪರಿಶೀಲನಾ ಸಭೆಯಲ್ಲಿ ನನ್ನನ್ನೇ ಎದ್ದು ನಿಲ್ಲಿಸಿದರು. ಆ ಟೀಚರ್‌ಗೆ ಆವತ್ತು ಏನನ್ನಿಸಿರಬಹುದು ಅಂತ ನನಗೆ ಅರ್ಥವಾಗಿದ್ದು ಆಗಲೇ. ಆದರೆ ಅಂಕಿ ನಿಜವಾಗಿದ್ದರಿಂದ ಒಂದು ಲಾಭವಾಯಿತು. ಯಾವ ಊರಿನ ಯಾವ ಮಕ್ಕಳನ್ನು ಮೊದಲು ತೋರಿಸಬೇಕು ಅಂತ ಡಾಕ್ಟರ ಮುಂದೆ ಹೆಸರು ಹಿಡಿದು ಪಟ್ಟಿ ಇಡೋದಕ್ಕಾಯಿತು.

ಆಮೇಲೆ ರೂಢಿಗೆ ತಂದ ಇನ್ನು ಕೆಲವು ಸಂಗತಿಗಳು:

ಕೇಂದ್ರಕ್ಕೆ ಹೋದರೆ ಮೊದಲ ಅರ್ಧ ಗಂಟೆ ಮಕ್ಕಳ ಜೊತೆ. ರಿಜಿಸ್ಟರ್ ಕೊನೆಗೆ. ಎರಡು ಮಕ್ಕಳನ್ನು ಟೀಚರ್ ಜೊತೆಗೇ ಕೂತು ತೂಗುತ್ತಿದ್ದೆ. ತಪ್ಪು ಹಿಡಿಯೋದಕ್ಕಲ್ಲ, ತಕ್ಕಡಿ ಸರಿ ಇದೆಯಾ, ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದಾ ಅಂತ ಇಬ್ಬರೂ ನೋಡೋದಕ್ಕೆ. ಎಷ್ಟೋ ಕಡೆ ತಪ್ಪು ಟೀಚರ್‌ದಲ್ಲ, ತಕ್ಕಡಿಯದಾಗಿತ್ತು.

ತಪ್ಪು ಹೇಳೋದು ಬಾಗಿಲ ಹಿಂದೆ, ಒಳ್ಳೆಯದು ಹೇಳೋದು ತಾಯಂದಿರ ಎದುರಿಗೆ. ಮೊದಲು ನಾನು ಇದನ್ನು ಸರಿಯಾಗಿ ಉಲ್ಟಾ ಮಾಡುತ್ತಿದ್ದೆ.

ಮೀಟಿಂಗ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಕೇಂದ್ರದ ಒಂದು ತೊಂದರೆ ಹೇಳಬೇಕು, ಉತ್ತರವನ್ನು ನಾನಲ್ಲ, ಉಳಿದವರು ಹೇಳಬೇಕು. ‘ಪುಷ್ಟಿ’ ಹಿಟ್ಟು ಮಕ್ಕಳು ತಿನ್ನೋದಿಲ್ಲ ಅಂತ ಒಬ್ಬಳು ಅಂದರೆ, ಇನ್ನೊಬ್ಬಳು ಅದನ್ನು ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿ ಕೊಟ್ಟದ್ದನ್ನು ಹೇಳುತ್ತಿದ್ದಳು. ಯಾವ ತರಬೇತಿಯಲ್ಲೂ ನಾನು ಅದನ್ನು ಕಲಿತಿರಲಿಲ್ಲ.

ಹೊಸದಾಗಿ ಸೇರಿದವಳನ್ನು ಎರಡು ವಾರ ಪಕ್ಕದೂರಿನ ಹಳೇ ಟೀಚರ್ ಜೊತೆ ಬಿಡುತ್ತಿದ್ದೆ. ಆದೇಶ ಪತ್ರ ಕೈಗಿಟ್ಟು ‘ಹೋಗು, ನಡೆಸು’ ಅಂದರೆ ಅವಳು ಕಲಿಯೋದು ರಿಜಿಸ್ಟರ್ ತುಂಬುವುದನ್ನು ಮಾತ್ರ.

ಮತ್ತೆ ಸಹಾಯಕಿ. ಮಕ್ಕಳನ್ನು ಮನೆಯಿಂದ ಕರೆತರುವವಳು ಅವಳು, ಬಡಿಸುವವಳು ಅವಳು, ತಟ್ಟೆ ತೊಳೆಯುವವಳೂ ಅವಳೇ. ಯಾವ ಮಗು ಅರ್ಧ ಬಿಟ್ಟಿತು, ಯಾವ ಮನೆಯಲ್ಲಿ ರಾತ್ರಿ ಒಲೆ ಹೊತ್ತಿಲ್ಲ ಅಂತ ಮೊದಲು ಗೊತ್ತಾಗೋದು ಅವಳಿಗೆ. ಅಷ್ಟು ವರ್ಷ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಆವತ್ತು ಅವಳು ಬಾಯಿ ಬಿಡದಿದ್ದರೆ? ಈಗಲೂ ರಾತ್ರಿ ಒಮ್ಮೊಮ್ಮೆ ಈ ಯೋಚನೆ ಬರುತ್ತದೆ.

ಮೆತ್ತಗಾಗೋದು ಅಂದರೆ ಬಿಟ್ಟುಬಿಡೋದಲ್ಲ

ಇಷ್ಟು ಹೇಳಿದಾಗ ಕೆಲವರು, “ಹಾಗಾದ್ರೆ ಯಾರನ್ನೂ ಏನೂ ಅನ್ನಬಾರದಾ?” ಅಂತ ಕೇಳುತ್ತಾರೆ. ಅನ್ನಬೇಕು. ಮಕ್ಕಳ ಪಾಲಿನ ಬೇಳೆ, ಬೆಲ್ಲ ಅಂಗಡಿಗೆ ಹೋಗುತ್ತಿದ್ದ ಒಂದು ಕೇಂದ್ರದ ಮೇಲೆ ನಾನೇ ವರದಿ ಬರೆದಿದ್ದೇನೆ. ಅವಳ ಮನೆ ಕಷ್ಟ ಗೊತ್ತಿತ್ತು, ಕೈ ನಡುಗಿತು, ಆದರೂ ಬರೆದೆ. ಕೈಲಾಗದೆ ಮಾಡಿದ ತಪ್ಪು ಬೇರೆ, ಗೊತ್ತಿಲ್ಲದೆ ಮಾಡಿದ ತಪ್ಪು ಬೇರೆ, ಬೇಕಂತಲೇ ಮಾಡಿದ್ದು ಬೇರೆ. ಮೊದಲಿನದಕ್ಕೆ ಸಹಾಯ, ಎರಡನೆಯದಕ್ಕೆ ಕಲಿಸೋದು, ಮೂರನೆಯದಕ್ಕೆ ಕ್ರಮ. ಮೂರಕ್ಕೂ ಒಂದೇ ಬೈಗುಳ ಹಾಕಿದರೆ, ಕದಿಯುವವರು ಹೇಗೂ ದಪ್ಪ ಚರ್ಮದವರು, ಉಳಿದುಕೊಳ್ಳುತ್ತಾರೆ. ಮನಸ್ಸಿಟ್ಟು ಮಾಡುವವರು ಮಾತ್ರ ಮುದುಡಿ ಹೋಗುತ್ತಾರೆ.

ನನ್ನ ಕೈಲಿ ಆಗದೇ ಉಳಿದದ್ದೂ ಬಹಳ ಇದೆ. ಬಾಡಿಗೆ ಕಟ್ಟಡದ ಮಾಲೀಕರಿಗೆ ದುಡ್ಡು ಹೊತ್ತಿಗೆ ಸರಿಯಾಗಿ ಕೊಡಿಸೋದಕ್ಕಾಗಲಿಲ್ಲ. ಶೌಚಾಲಯವಿಲ್ಲದ ಕೇಂದ್ರಗಳು ಹಾಗೇ ಉಳಿದವು. ಗೌರವಧನದ ಫೈಲ್ ಯಾವ ಟೇಬಲ್ ಮೇಲಿದೆ ಅಂತ ಫೋನ್ ಮಾಡಿ ತಿಳಿದುಕೊಂಡು ಅವರಿಗೆ ಹೇಳುವುದಷ್ಟೇ ನನ್ನಿಂದಾದದ್ದು. ಅಷ್ಟಕ್ಕೇ “ಕೇಳೋರಾದ್ರೂ ಇದಾರಲ್ಲ ಮೇಡಂ” ಅನ್ನುತ್ತಿದ್ದರು.

ನಾನು ಕೆಲಸ ಬಿಟ್ಟ ಮೇಲೆ, 2021ರಲ್ಲಿ ‘ಪೋಷಣ್ ಟ್ರ್ಯಾಕರ್’ ಅನ್ನೋ ಆ್ಯಪ್ ಬಂತು. ಈಗ ತೂಕವೆಲ್ಲ ಮೊಬೈಲಿಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಭಯ ಇದ್ದ ಕಡೆ ರಿಜಿಸ್ಟರ್‌ನಲ್ಲಿ ಬರೆಯುವ ಸುಳ್ಳನ್ನೇ ಮೊಬೈಲಿನಲ್ಲಿ ಒತ್ತಬಹುದು. ಮಷೀನು ಬದಲಾದರೆ ಸಾಲದು, ಮೀಟಿಂಗ್ ಬದಲಾಗಬೇಕು.

ನಿಮ್ಮ ಮನೆಗೂ ಸಂಬಂಧ ಇದೆ

ಇದು ಬರೀ ಅಂಗನವಾಡಿ ಕಥೆ ಅಂದುಕೊಳ್ಳಬೇಡಿ. ಅತ್ತೆಯವರನ್ನು ವೃದ್ಧಾಶ್ರಮದಲ್ಲಿ ಬಿಟ್ಟಿರಬಹುದು, ಮಗನನ್ನು ಹಾಸ್ಟೆಲ್‌ಗೆ ಸೇರಿಸಿರಬಹುದು, ವಿಶೇಷ ಮಕ್ಕಳ ಶಾಲೆ ಹುಡುಕುತ್ತಿರಬಹುದು. ನಾವು ನೋಡೋದು ಕಟ್ಟಡ, ಟೈಲ್ಸ್, ಫೀಸು, ಊಟದ ಪಟ್ಟಿ. ನಮ್ಮವರ ಮೈ ಒರೆಸುವ, ತುತ್ತು ಕೊಡುವ ಕೈಗಳ ಬಗ್ಗೆ ಕೇಳೋದಿಲ್ಲ. ಮುಂದಿನ ಸಲ ಹೋದಾಗ ಇಷ್ಟು ಕೇಳಿ:

• ನೋಡಿಕೊಳ್ಳುವವರು ಇಲ್ಲಿ ಎಷ್ಟು ಕಾಲದಿಂದ ಇದ್ದಾರೆ? ಆರಾರು ತಿಂಗಳಿಗೆ ಮುಖ ಬದಲಾಗುತ್ತಿದ್ದರೆ ಒಳಗೆ ಏನೋ ಸರಿಯಿಲ್ಲ.

• ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ? ರಾತ್ರಿ ಇದ್ದವರೇ ಬೆಳಿಗ್ಗೆಯೂ ಮುಂದುವರಿಸುತ್ತಾರಾ?

• ಅವರು ಕೂತು ಊಟ ಮಾಡೋದಕ್ಕೆ ಜಾಗ, ಹೊತ್ತು ಇದೆಯಾ?

• ಅಜ್ಜಿ ಜಾರಿ ಬಿದ್ದರೆ ಆಯಾ ಮೊದಲು ಯಾರಿಗೆ ಹೇಳುತ್ತಾಳೆ? ಹೇಳಿದರೆ ಅವಳಿಗೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಕೆಲಸ ಹೋಗುತ್ತದೆ ಅಂತಿದ್ದರೆ ಅವಳು ಹೇಳೋದಿಲ್ಲ. ನಿಮಗೂ ತಿಳಿಯೋದಿಲ್ಲ.

ಊರಿನಲ್ಲಿ ಅಂಗನವಾಡಿ ಇದ್ದರೆ ಬಾಲವಿಕಾಸ ಸಮಿತಿಯ ಸಭೆಗೆ ಹೋಗಿ ಕೂತುಕೊಳ್ಳಿ. ತಾಯಂದಿರು ನಾಲ್ಕು ಜನ ಬಂದರೂ ಟೀಚರ್‌ಗೆ ಬೆನ್ನು ಗಟ್ಟಿಯಾಗುತ್ತದೆ, ಕಳ್ಳತನಕ್ಕೂ ಕಡಿವಾಣ ಬೀಳುತ್ತದೆ.

ಆ ಟೀಚರ್ ಇನ್ನೂ ಕೆಲಸದಲ್ಲಿದ್ದಾಳೆ. ಸಹಾಯಕಿಗೆ ವಯಸ್ಸಾಯಿತು, ಮನೆಯಲ್ಲಿದ್ದಾಳೆ. ಹೋದ ವರ್ಷ ಜಾತ್ರೆಗೆ ಆ ಊರಿಗೆ ಹೋದವಳು ಅವಳನ್ನೂ ನೋಡಿ ಬಂದೆ. ಕಾಫಿ ಕೊಟ್ಟು, “ಆವತ್ತು ನಾನು ಹೇಳ್ದಾಗ ನೀವು ಬೈತೀರ ಅಂದ್ಕೊಂಡಿದ್ದೆ ಮೇಡಂ” ಅಂದಳು. “ಮತ್ತೆ ಯಾಕೆ ಹೇಳಿದೆ?” ಅಂತ ಕೇಳಿದೆ.

“ತಟ್ಟೆ ತೊಳೀತಿದ್ದವ್ಳು ನಾನಲ್ವಾ. ದಿನಾ ಆ ಮಗೂದು ತಟ್ಟೆ ಹಾಗೇ ವಾಪಸ್ ಬರ್ತಿತ್ತು. ನೋಡಕ್ಕಾಗ್ಲಿಲ್ಲ.”